ಎಂಬತ್ತೇಳು, ಎಂಬತ್ತೆಂಟು...

ಚನ್ನರಾಯನದುರ್ಗದಂಥ ಊರಿನಲ್ಲಿ ಸ್ವೆಟರ್ ಯಾರಿಗೆ ಬೇಕು ಎಂದು ಕೇಳುವವರು ಆ ಊರನ್ನು ಏಪ್ರಿಲ್ ತಿಂಗಳಲ್ಲಿ ನೋಡಿದವರು. ಮಾಗಿಯ ಬೆಳಗಿನ ಜಾವ ಅಲ್ಲಿ ಎದ್ದು ನೀರು ಮುಟ್ಟಿದವರು ಈ ಪ್ರಶ್ನೆ ಕೇಳುವುದಿಲ್ಲ. ಮಧುಗಿರಿಗೂ ಕೊರಟಗೆರೆಗೂ ನಡುವೆ ಇರುವ ಈ ಊರನ್ನು ಸುತ್ತಿನ ಜನ ಚಿಕ್ಕದಾಗಿ ಸಿ.ಎನ್. ದುರ್ಗ ಎನ್ನುತ್ತಾರೆ. ಊರ ಬೆನ್ನಿಗೆ 3,700 ಅಡಿಗೂ ಮಿಕ್ಕಿ ಎದ್ದು ನಿಂತ ಬೆಟ್ಟ, ಅದರ ಮೇಲೆ ಪಾಳೆಯಗಾರರ ಕಾಲದ ಕೋಟೆ. ಬೇಸಿಗೆಯಲ್ಲಿ ಆ ಬಂಡೆ ಹಗಲೆಲ್ಲ ಬಿಸಿಲು ಕುಡಿದು ಸಂಜೆ ಊರ ಮೇಲೆ ಕಾವು ಉಗುಳುತ್ತದೆ. ಡಿಸೆಂಬರ್ ಬಂತೆಂದರೆ ಲೆಕ್ಕ ಬೇರೆ. ಆಕಾಶದಲ್ಲಿ ಮೋಡದ ಹೊದಿಕೆ ಇರುವುದಿಲ್ಲ, ಗಾಳಿ ಒಣಗಿರುತ್ತದೆ. ನೆಲದ ಬಿಸಿಯೆಲ್ಲ ರಾತ್ರಿ ತಡೆಯಿಲ್ಲದೆ ಮೇಲೆ ಹೋಗಿಬಿಡುತ್ತದೆ. ರಾಗಿ ಕಣ ಕಾಯಲು ಮಲಗಿದವರ ಹಲ್ಲು ಬೆಳಗಿನ ಜಾವ ಕಟಕಟ ಎನ್ನುತ್ತದೆ.

ಆದರೆ ಈ ಚಳಿ ಇರುವುದು ಎರಡು ತಿಂಗಳು. ಶಿವರಾತ್ರಿ ಬಂದರೆ ಶಿವಶಿವಾ ಎಂದು ಹೊರಟುಹೋಗುತ್ತದೆ. ಚಳಿ ಶುರುವಾದ ಮೇಲೆ ಕಡ್ಡಿ ಹಿಡಿದವಳ ಸ್ವೆಟರ್ ಮುಗಿಯುವುದು ಯುಗಾದಿಗೆ. ಆದ್ದರಿಂದ ಅಲ್ಲಿ ಸ್ವೆಟರ್ ಹೆಣೆಯುವ ಕಾಲವೆಂದರೆ ಬೇಸಿಗೆ. ಹಣೆಯ ಬೆವರು ಸೆರಗಿನಲ್ಲಿ ಒರೆಸಿಕೊಳ್ಳುತ್ತ, ತೊಡೆಯ ಮೇಲೆ ಉಣ್ಣೆಯ ರಾಶಿ ಹಾಕಿಕೊಂಡು ಕೂತ ಹೆಂಗಸನ್ನು ನೋಡಿದರೆ ಯಾರಿಗಾದರೂ ನಗು ಬರುತ್ತದೆ. ದುರ್ಗದ ಮೇಷ್ಟರ ಮನೆಗೆ 1971ರಲ್ಲಿ ತುಮಕೂರಿನಿಂದ ಸೊಸೆಯಾಗಿ ಬಂದವಳನ್ನು ನೋಡಿ ಊರು ನಕ್ಕಿದ್ದೂ ಹೀಗೆಯೇ.

ಸೊಸೆಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಎರಡು ಜೊತೆ ಕಡ್ಡಿಗಳಿದ್ದವು. ಒಂದು ಜೊತೆ ಒಂಬತ್ತನೇ ನಂಬರಿನದು, ಇನ್ನೊಂದು ಹನ್ನೆರಡನೆಯದು. ಈ ನಂಬರಿನ ವ್ಯವಹಾರವೇ ತಲೆಕೆಳಗು. ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. ಸೊಂಟದ ಪಟ್ಟಿಗೂ ಮುಂಗೈ ಪಟ್ಟಿಗೂ ಸಣ್ಣ ಕಡ್ಡಿ, ಮೈಗೆ ದಪ್ಪ ಕಡ್ಡಿ. ಇದನ್ನು ಅವಳು ಕಲಿತದ್ದು ಶಾಲೆಯ ಕ್ರಾಫ್ಟ್ ಪೀರಿಯಡ್ಡಿನಲ್ಲಿ, 1962ರ ಚೀನಾ ಯುದ್ಧದ ಚಳಿಗಾಲದಲ್ಲಿ. ಹಿಮಾಲಯದ ಹಿಮದಲ್ಲಿ ಕಾದಾಡುವ ಜವಾನರಿಗೆ ಮೈತುಂಬ ಉಣ್ಣೆ ಬಟ್ಟೆ ಇಲ್ಲವೆಂಬ ಸುದ್ದಿ ಬಂದಾಗ ದೇಶದ ಉದ್ದಗಲಕ್ಕೂ ಹೆಂಗಸರು, ಶಾಲೆಯ ಹುಡುಗಿಯರು ಕಡ್ಡಿ ಹಿಡಿದರು. ಆಗ ಹನ್ನೆರಡು ವರ್ಷದ ಇವಳ ಪಾಲಿಗೆ ಬಂದದ್ದು ಮಫ್ಲರ್. ಸುಮ್ಮನೆ ನೇರವಾಗಿ ಹೆಣೆಯುತ್ತ ಹೋಗುವುದು. ತೋಳಿಲ್ಲ, ಕುತ್ತಿಗೆಯಿಲ್ಲ, ತಪ್ಪಲು ದಾರಿಯೇ ಇಲ್ಲ. ಆದರೂ ಅವಳ ಮಫ್ಲರ್ ಒಂದು ತುದಿಯಲ್ಲಿ ಒಂಬತ್ತು ಇಂಚು, ಇನ್ನೊಂದು ತುದಿಯಲ್ಲಿ ಹನ್ನೊಂದು ಇಂಚು ಆಯಿತು. ಯಾವ ಜವಾನ ಅದನ್ನು ಸುತ್ತಿಕೊಂಡನೋ, ಸುತ್ತಿಕೊಳ್ಳುವಷ್ಟು ದಿನ ಬದುಕಿದ್ದನೋ ಎಂಬ ಯೋಚನೆ ಅವಳಿಗೆ ಮುಂದೆ ಎಷ್ಟೋ ವರ್ಷ ಬರುತ್ತಿತ್ತು.

ಅತ್ತೆಗೆ ಈ ಕೆಲಸ ಕೆಲಸವೆಂದೇ ಅನ್ನಿಸಲಿಲ್ಲ. ಅವರ ಪ್ರಕಾರ ಕೈಗೆ ಕೆಲಸವೆಂದರೆ ಕಡಲೆಕಾಯಿ ಸುಲಿಯುವುದು, ಹುಣಸೆಹಣ್ಣಿನ ಬೀಜ ಬಿಡಿಸುವುದು, ಅವರೆಕಾಳು ಹಿಸುಕುವುದು. ಮುಗಿದ ಮೇಲೆ ಇಷ್ಟು ಸೇರು ಆಯಿತು ಎಂದು ಅಳೆದು ತೋರಿಸಬಹುದು. “ಎರಡು ಕಡ್ಡಿ ಹಿಡಕೊಂಡು ಗಂಟು ಹಾಕ್ತಾ ಕೂತ್ರೆ ಏನಮ್ಮ ಬಂತು? ನಮ್ಮೂರಲ್ಲಿ ಕಂಬಳಿ ಇಲ್ವೇ?” ಎನ್ನುತ್ತಿದ್ದರು.

ಅವರ ಮಾತಿನಲ್ಲಿ ಹುರುಳಿತ್ತು. ಮಧುಗಿರಿ, ಸಿರಾ, ಪಾವಗಡದ ಕಡೆ ಕುರಿಗೆ ಬರವಿಲ್ಲ. ಮಳೆ ಕೈಕೊಟ್ಟ ವರ್ಷ ಹೊಲ ಕೈಬಿಟ್ಟರೂ ಕುರಿ ಕೈಬಿಡುವುದಿಲ್ಲ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಿ, ಹಿಂಜಿ, ಮನೆಯ ಹೆಂಗಸರು ನೂಲು ತೆಗೆದರೆ ಗಂಡಸರು ಗುಣಿಮಗ್ಗದಲ್ಲಿ ನೇಯುತ್ತಿದ್ದರು. ಹಾಸಿಗೆ ಹುಣಸೆ ಬೀಜದ ಗಂಜಿ ಸವರಿ ಬಿಗಿ ಮಾಡಿದ ಆ ಕರಿ ಕಂಬಳಿಯ ಮೇಲೆ ಸಣ್ಣ ಮಳೆ ಬಿದ್ದರೆ ಹನಿ ಉರುಳಿ ಹೋಗುತ್ತದೆ. ತಲೆಯ ಮೇಲೆ ಕೊಪ್ಪೆ ಹಾಕಿಕೊಂಡರೆ ಅದೇ ಕೊಡೆ, ನೆಲಕ್ಕೆ ಹಾಸಿದರೆ ಅದೇ ಚಾಪೆ, ಮದುವೆಮನೆಯಲ್ಲಿ ಅದೇ ಗದ್ದುಗೆ. ಇಷ್ಟೆಲ್ಲ ಆಗುವ ವಸ್ತು ಇರುವಾಗ ತೋಳು ತೂರಿಸುವ ಉಣ್ಣೆಯ ಅಂಗಿ ಯಾಕೆ?

ಸೊಸೆಗೆ ಒಂದು ಸಲ ಹುಮ್ಮಸ್ಸು ಬಂತು. ಊರಲ್ಲೇ ಉಣ್ಣೆ ಇರುವಾಗ ದುಡ್ಡು ಕೊಟ್ಟು ಪೇಟೆಯಿಂದ ತರುವುದೇಕೆ ಎಂದು, ನೂಲುವ ಅಜ್ಜಿಯೊಬ್ಬರ ಜಗಲಿಗೆ ಹೋಗಿ ಕೂತಳು. ಅಜ್ಜಿ ನಕ್ಕು ಒಂದು ಹಿಡಿ ನೂಲು ಕೊಟ್ಟರು. “ತಗಳಿ ಅಮ್ಮಾ, ಹೆಣೀರಿ. ಆದ್ರೆ ಇದು ಮೈಗೆ ಹಾಕ್ಕಳೋ ಉಣ್ಣೆ ಅಲ್ಲ, ಮೈಮೇಲೆ ಹೊದ್ಕಳೋದು.” ನಾಲ್ಕು ಇಂಚು ಹೆಣೆದು ಗಂಡನ ಕುತ್ತಿಗೆಗೆ ಹಿಡಿದು ನೋಡಿದಳು. ಮೇಷ್ಟರು ಮುಳ್ಳುಹಂದಿ ತಗುಲಿದವರಂತೆ ಎದ್ದು ನಿಂತರು. ಅಜ್ಜಿ ಹೇಳಿದ್ದೇ ಶಾಸ್ತ್ರ. ಸ್ವೆಟರಿಗೆ ಹೊಂದುವ ಮೆರಿನೋ ಉಣ್ಣೆಯ ಎಳೆ ಸುಮಾರು 20 ಮೈಕ್ರಾನ್ ದಪ್ಪ ಇರುತ್ತದೆ. ನಮ್ಮ ಬಯಲುಸೀಮೆಯ ಕುರಿಯದು ಹೆಚ್ಚೂಕಡಿಮೆ ಅದರ ಎರಡರಷ್ಟು. ದಪ್ಪ ಎಳೆ ಬಾಗುವುದಿಲ್ಲ, ಚುಚ್ಚುತ್ತದೆ. ಕಮಿಷನರ್ ಕಬ್ಬನ್ನರ ಕಾಲದಲ್ಲೇ ಮೈಸೂರು ಸೀಮೆಗೆ ಮೆರಿನೋ ಟಗರುಗಳನ್ನು ತರಿಸಿ ನಮ್ಮ ಕುರಿಗಳ ತಳಿ ಸುಧಾರಿಸುವ ಪ್ರಯತ್ನ ನಡೆದಿತ್ತು. ಅದು ನೆಲೆ ನಿಲ್ಲಲಿಲ್ಲ. ಹೀಗಾಗಿ ಕುರಿಗಳ ನಡುವೆಯೇ ಇರುವ ದುರ್ಗದ ಮನೆಯ ಸ್ವೆಟರಿಗೆ ಆಸ್ಟ್ರೇಲಿಯಾದ ಕುರಿಯ ಉಣ್ಣೆ ಹಡಗು ಹತ್ತಿ ಬಂದು, ಲೂಧಿಯಾನದಲ್ಲಿ ನೂಲಾಗಿ, ಬಣ್ಣ ತೊಟ್ಟು, ತುಮಕೂರಿನ ಅಂಗಡಿಯ ಗಾಜಿನ ಬೀರುವಿನಲ್ಲಿ ಕೂತು ಕಾಯಬೇಕಾಯಿತು.

ಉಲನ್ ತರುವುದೂ ಒಂದು ಸಂಸಾರದ ತೀರ್ಮಾನ. ತಿಂಗಳ ಮೊದಲ ವಾರದಲ್ಲಿ ಸಂಬಳ ಬಂದ ಮೇಲೆ ಮಾತು ತೆಗೆಯಬೇಕು. ಹತ್ತು ವರ್ಷದ ಹುಡುಗನ ಸ್ವೆಟರಿಗೆ ಹತ್ತು ಔನ್ಸ್ ಬೇಕು ಎಂದರೆ ಮೇಷ್ಟರು, “ಒಂಬತ್ತು ಸಾಲದೇ?” ಎನ್ನುವರು. ಒಂಬತ್ತು ತಂದರೆ ಎಡಗೈ ತೋಳಿನ ಅರ್ಧಕ್ಕೆ ಉಲನ್ ಮುಗಿಯುತ್ತದೆ. ಮತ್ತೆ ಹೋಗಿ ಕೇಳಿದರೆ ಬಣ್ಣ ಅದೇ ಆದರೂ ಬಣ್ಣದ ಪಾಕ ಬೇರೆ. ದುರ್ಗದ ಎಷ್ಟೋ ಮಕ್ಕಳ ಎಡಗೈ ಮೊಣಕೈಯಿಂದ ಕೆಳಗೆ ಒಂದು ಛಾಯೆ ಕಪ್ಪಾಗಿದ್ದದ್ದು ಅಪ್ಪಂದಿರ ಈ ಉಳಿತಾಯದಿಂದ.

ಇನ್ನು ಹೆಣೆಯುವ ಲೆಕ್ಕ. ಇಂಚಿಗೆ ಆರು ಕುಣಿಕೆಯಂತೆ ಹುಡುಗನ ಬೆನ್ನಿಗೆ 90 ಕುಣಿಕೆ ಹಾಕಬೇಕು. ಇಂಚಿಗೆ ಎಂಟು ಸಾಲಿನಂತೆ 17 ಇಂಚು ಉದ್ದಕ್ಕೆ 136 ಸಾಲು. ಅಲ್ಲಿಗೆ ಬೆನ್ನಿನ ಭಾಗ ಒಂದರಲ್ಲೇ ಹನ್ನೆರಡು ಸಾವಿರಕ್ಕೂ ಹೆಚ್ಚು ಕುಣಿಕೆಯಾಯಿತು. ಎದೆಗೆ ಅಷ್ಟೇ. ತೋಳು ಎರಡಕ್ಕೂ ಸೇರಿಸಿ ಹದಿನಾಲ್ಕು ಸಾವಿರ. ಒಟ್ಟು ಒಂದು ಸ್ವೆಟರಿಗೆ ಸುಮಾರು ನಲವತ್ತು ಸಾವಿರ ಸಲ ಕಡ್ಡಿ ಚುಚ್ಚಿ, ದಾರ ಸುತ್ತಿ, ಎಳೆದು, ಬಿಡಬೇಕು. ಪ್ರತಿ ಸಲವೂ ಅದು ನಿಟ್ಟೋ ಪರ್ಲೋ ಎಂಬುದು ನೆನಪಿರಬೇಕು. ಜಡೆಯ ಡಿಸೈನ್ ಹಾಕಿದರಂತೂ ಎಣಿಕೆ ತಪ್ಪುವ ಹಾಗೇ ಇಲ್ಲ.

ತಪ್ಪಿಸುವುದಕ್ಕೇ ಮನೆ ಇರುವುದು. ಎಂಬತ್ತಕ್ಕೆ ಬಂದಾಗ ಹಾಲು ಉಕ್ಕುತ್ತದೆ. ಮತ್ತೆ ಮೊದಲಿನಿಂದ ಎಣಿಸಿ ಎಂಬತ್ತಕ್ಕೆ ಬಂದಾಗ ಹಸು ಹಗ್ಗ ಬಿಚ್ಚಿಕೊಳ್ಳುತ್ತದೆ. ಆಮೇಲೆ ಸೊಸೆ ಒಂದು ಉಪಾಯ ಕಂಡುಕೊಂಡಳು. ಯಾರು ಏನು ಕೇಳಿದರೂ ಉತ್ತರದ ಬದಲು ಎಣಿಕೆಯನ್ನೇ ಸ್ವಲ್ಪ ಗಟ್ಟಿಯಾಗಿ ಹೇಳುವುದು.

“ಸಾರಿಗೆ ಉಪ್ಪು ಹಾಕಿದೀಯೇನೇ?” ಎಂದು ಒಳಗಿನಿಂದ ಅತ್ತೆ.

“ಎಂಬತ್ತೇಳು!”

“ಎಂಬತ್ತೇಳು ಸಲ ಹಾಕಿದೀಯಾ?”

“ಎಂಬತ್ತೆಂಟು!”

ಅತ್ತೆ ಗೊಣಗುತ್ತ ಸಾರು ರುಚಿ ನೋಡಿ ತಾವೇ ಉಪ್ಪು ಹಾಕುತ್ತಿದ್ದರು. ಸೊಸೆ ಮೊದಲೇ ಹಾಕಿದ್ದರೂ ಹಾಕುತ್ತಿದ್ದರು. ಆ ದಿನ ಮೇಷ್ಟರು ಎರಡು ಲೋಟ ಮಜ್ಜಿಗೆ ಹೆಚ್ಚಾಗಿ ಕುಡಿಯುತ್ತಿದ್ದರು.

ಹೀಗೆ ನಗುತ್ತ ಗೊಣಗುತ್ತ ಇದ್ದ ಮನೆಯಲ್ಲಿ ಒಂದು ಮಾತು ಮಾತ್ರ ಯಾರ ಬಾಯಿಂದಲೂ ಬರದೆ ಉಳಿಯಿತು.

1973ರಲ್ಲಿ ಸೊಸೆ ಬಸುರಿಯಾದಳು. ಹುಟ್ಟುವ ಮೊದಲೇ ಮಗುವಿಗೆ ಬಟ್ಟೆ ಹೊಲಿಯಬಾರದು, ತೊಟ್ಟಿಲು ತರಬಾರದು ಎಂಬುದು ನಮ್ಮ ಎಷ್ಟೋ ಮನೆಗಳ ಕಟ್ಟಳೆ. ಹುಟ್ಟಿದ ಮಗುವಿಗೂ ಮೊದಲು ಸುತ್ತುವುದು ಅಜ್ಜಿಯ ಹಳೆ ಸೀರೆಯ ಮೆತ್ತನೆ ತುಂಡನ್ನೇ. ಅತ್ತೆ ಈ ವಿಷಯದಲ್ಲಿ ಬಲು ಬಿಗಿ. ಆದರೆ ಕಡ್ಡಿ ಹಿಡಿದ ಕೈ ಸುಮ್ಮನಿರಬೇಕಲ್ಲ. ತುಮಕೂರಿನ ಅಕ್ಕನ ಮಗುವಿಗೆ ಎಂದು ಸುಳ್ಳು ಹೇಳಿ, ಅತ್ತೆ ಮಧ್ಯಾಹ್ನ ಅಡ್ಡಾದ ಹೊತ್ತಿನಲ್ಲಿ, ತ್ರೀ ಪ್ಲೈ ಉಲನ್ನಿನಲ್ಲಿ ಅಂಗೈಯಗಲದ ಸ್ವೆಟರ್ ಹೆಣೆದಳು. ಗಂಡೋ ಹೆಣ್ಣೋ ಗೊತ್ತಿಲ್ಲದ್ದರಿಂದ ಹಳದಿ ಬಣ್ಣ. ಏಳನೇ ತಿಂಗಳಲ್ಲಿ ಅದನ್ನು ಟ್ರಂಕಿನಲ್ಲಿಟ್ಟುಕೊಂಡು ತವರಿಗೆ ಹೋದಳು.

ಹುಟ್ಟಿದ್ದು ಗಂಡು ಮಗು. ಎರಡು ದಿನ ಇತ್ತು.

ಮೂರು ತಿಂಗಳ ಮೇಲೆ ಸೊಸೆ ದುರ್ಗಕ್ಕೆ ಹಿಂತಿರುಗಿದಾಗ ಟ್ರಂಕಿನ ಬಟ್ಟೆ ತೆಗೆದಿಟ್ಟವರು ಅತ್ತೆ. ಸೀರೆಗಳ ಕೆಳಗೆ ಹಳದಿ ಸ್ವೆಟರ್ ಸಿಕ್ಕಿತು. ಬಾಗಿಲಲ್ಲಿ ನಿಂತ ಸೊಸೆಯ ಕಾಲು ನಡುಗಿತು. ಒಂದು ಗಡಿಗೆ ಒಡೆದರೆ ಮೂರು ತಲೆಮಾರಿನ ಹೆಸರು ಹಿಡಿದು ಮಾತಾಡುವ ಬಾಯಿ ಅದು. ಅತ್ತೆ ಅದನ್ನು ಎರಡು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಹಿತ್ತಲಿಗೆ ಹೋಗಿ ಒಂದು ಹಿಡಿ ಬೇವಿನ ಸೊಪ್ಪು ಕಿತ್ತು ತಂದರು. ಮಾವನವರ ಹಳೆ ಪಂಚೆಯ ತುಂಡಿನಲ್ಲಿ ಸೊಪ್ಪಿನ ಜೊತೆ ಸ್ವೆಟರನ್ನು ಸುತ್ತಿ ಟ್ರಂಕಿನ ತಳದಲ್ಲಿಟ್ಟು ಮುಚ್ಚಿದರು. “ಕಾಲು ತೊಳಕೊಂಡು ಬಾ, ಊಟ ಮಾಡುವಂತೆ” ಎಂದರು. ಅಷ್ಟೇ. ನೀನು ಮೊದಲೇ ಹೆಣೆದೆ, ಅದಕ್ಕೇ ಹೀಗಾಯಿತು ಎಂಬ ಮಾತನ್ನು ಅಂದು ಆಡಲಿಲ್ಲ. ಮುಂದೆ ಸಿಟ್ಟು ಬಂದ ದಿನವೂ ಆಡಲಿಲ್ಲ.

ಆದರೆ ಸೊಸೆ ಆ ಮಾತನ್ನು ತನಗೆ ತಾನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದಳು. ಒಂದು ವರ್ಷ ಕಡ್ಡಿ ಮುಟ್ಟಲಿಲ್ಲ. ಕಡಲೆಕಾಯಿ ಸುಲಿದಳು, ಹುಣಸೆ ಬೀಜ ಬಿಡಿಸಿದಳು, ಸೇರುಗಟ್ಟಲೆ ಅವರೆಕಾಳು ಹಿಸುಕಿದಳು. ಅತ್ತೆ ಬಯಸಿದ ಸೊಸೆಯೇ ಆದಳು. ಅತ್ತೆಗೆ ಯಾಕೋ ಸಮಾಧಾನವಾಗಲಿಲ್ಲ. ಒಂದು ದಿನ ಹುಣಸೆಹಣ್ಣು ಮಾರಿದ ದುಡ್ಡನ್ನು ಸೆರಗಿನ ತುದಿಯಿಂದ ಬಿಚ್ಚಿ ಮಗನ ಮುಂದಿಟ್ಟರು.

“ತುಮಕೂರಿಗೆ ಹೋದಾಗ ಉಣ್ಣೆ ತಗೊಂಡು ಬಾರಪ್ಪ. ನನಗೆ ಮೊಣಕಾಲು ಹಿಡಕೊಂಡಿದೆ. ಇವಳು ಒಂದು ಜೊತೆ ಚೀಲ ಹೆಣೆದುಕೊಡಲಿ.”

ಮೊಣಕಾಲಿಗೆ ಚೀಲ! ಸೊಸೆ ಬೇಡವೆನ್ನಲಾರಳು. ಅತ್ತೆಯ ಕಾಲಿನ ಅಳತೆಯನ್ನು ದಾರದಲ್ಲಿ ತೆಗೆದುಕೊಂಡು ಕಡ್ಡಿ ಹಿಡಿದಳು. ಮೊದಲ ಸಂಜೆ ನಾಲ್ಕು ಸಲ ಬಿಚ್ಚಿದಳು. ಮೂರನೇ ದಿನಕ್ಕೆ ಕೈ ಕೂಡಿತು. ಎಂಟು ದಿನಕ್ಕೆ ಚೀಲ ಮುಗಿಯಿತು. ಅತ್ತೆ ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಾಡಿ, “ಪರವಾಗಿಲ್ಲ” ಎಂದರು. ಅದೇ ತಿಂಗಳು ಅವರು ಸಿದ್ಧರಬೆಟ್ಟ ಹತ್ತಿ ಇಳಿದು ಬಂದರು. ಆ ಮೊಣಕಾಲಿನಲ್ಲಿ ನೋವೆಂಬುದು ಇತ್ತೋ ಇಲ್ಲವೋ ಎಂದು ಸೊಸೆ ಕೇಳಲಿಲ್ಲ.

1975ರಲ್ಲಿ ಹೆಣ್ಣು ಮಗು ಹುಟ್ಟಿತು. ಹನ್ನೊಂದನೆಯ ದಿನ ಹೆಸರಿಟ್ಟು, ತೊಟ್ಟಿಲು ತೂಗಿ ಆದ ಮೇಲೆ ಅತ್ತೆ, “ಇನ್ನು ಹೆಣೆಯಮ್ಮ” ಎಂದರು. ಹೊಸ ಉಲನ್ ಬಂತು. ಟ್ರಂಕಿನ ತಳದ್ದನ್ನು ತೆಗೆಯುವ ಮಾತು ಇಬ್ಬರೂ ಎತ್ತಲಿಲ್ಲ. ಮೂರು ವರ್ಷಕ್ಕೆ ಇನ್ನೊಂದು ಗಂಡಾಯಿತು.

ಮಕ್ಕಳು ಬೆಳೆಯುತ್ತವೆ, ಸ್ವೆಟರ್ ಬೆಳೆಯುವುದಿಲ್ಲ. ಆದರೆ ಅಂಗಡಿಯ ಅಂಗಿಗಿಲ್ಲದ ಒಂದು ಗುಣ ಕೈಹೆಣಿಗೆಗೆ ಇದೆ. ಕೊನೆಯ ಗಂಟು ಬಿಚ್ಚಿ ಎಳೆದರೆ ಇಡೀ ಸ್ವೆಟರ್ ಮತ್ತೆ ದಾರವಾಗಿ ಕೈಗೆ ಬರುತ್ತದೆ. ಬಿಚ್ಚುವ ದಿನ ಮನೆಯಲ್ಲಿ ಹಬ್ಬ. ಎಳೆಯುವುದಕ್ಕೆ ಮಕ್ಕಳ ನಡುವೆ ಜಗಳ. ಬಂದ ದಾರ ಅವಲಕ್ಕಿ ಶ್ಯಾವಿಗೆಯ ಹಾಗೆ ಗುಂಗುರು ಗುಂಗುರು. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ತಣ್ಣೀರಿನಲ್ಲಿ ನೆನೆಸಿ, ಕೆಳಗೆ ಒಂದು ತೂಕ ಕಟ್ಟಿ ನೇತುಹಾಕಿದರೆ ಒಣಗುವಾಗ ನೇರವಾಗುತ್ತದೆ. ಬಿಸಿನೀರು ಹಾಕಿದರೆ ಕೆಟ್ಟಿತು. ಉಣ್ಣೆಯ ಎಳೆಯ ಮೇಲೆ ಮೀನಿಗಿರುವಂಥ ಸಣ್ಣ ಪೊರೆಗಳಿರುತ್ತವೆ. ಬಿಸಿಯಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗಿ, ಅಪ್ಪನ ಸ್ವೆಟರ್ ಮಗನ ಅಳತೆಗೆ ತಾನಾಗಿ ಬಂದುಬಿಡುತ್ತದೆ. ಆಮೇಲೆ ಮಗನ ಎರಡೂ ಕೈಗೆ ಲಡಿ ತೂರಿಸಿ ನಿಲ್ಲಿಸಿ ಉಂಡೆ ಸುತ್ತುವುದು. ಹುಡುಗನಿಗೆ ಆಗಲೇ ಮೂಗು ತುರಿಸುವುದು, ಆಗಲೇ ಗೆಳೆಯರು ಹೊರಗೆ ಕೂಗುವುದು.

ಹೀಗೆ ಮೇಷ್ಟರ ಕಂದು ಸ್ವೆಟರ್ ಮಗಳಿಗಾಯಿತು. ಅದಕ್ಕೆ ಎರಡು ಬಿಳಿ ಪಟ್ಟೆ ಸೇರಿ ಮಗನಿಗಾಯಿತು. ಕೊನೆಗೆ ಸವೆದ ಮೊಣಕೈ ಭಾಗ ಬಿಟ್ಟು ಉಳಿದದ್ದು ಟೋಪಿಯಾಯಿತು. ಊರ ಹುಡುಗಿಯರು ಮಧ್ಯಾಹ್ನ ಕಲಿಯಲು ಬರತೊಡಗಿದರು. ಕಡ್ಡಿ ಕೊಳ್ಳಲು ದುಡ್ಡಿಲ್ಲದವರು ಹಳೆ ಕೊಡೆಯ ಕಡ್ಡಿ, ಸೈಕಲ್ಲಿನ ಕಡ್ಡಿ ಉಜ್ಜಿ ನುಣುಪು ಮಾಡಿ ತರುತ್ತಿದ್ದರು. ಎಂಬತ್ತರ ದಶಕದಲ್ಲಿ ಕ್ಯಾಶ್ಮಿಲಾನ್ ಎಂಬುದು ಮನೆಮಾತಾಗಿತ್ತು. ಅದು ಕುರಿಯದಲ್ಲ, ಕಾರ್ಖಾನೆಯದು. ನುಸಿ ಹಿಡಿಯದು, ಕುಗ್ಗದು, ಅಗ್ಗ. ಆದರೆ ಬಿಸಿ ಇಸ್ತ್ರಿ ತಗುಲಿದರೆ ಸೊರಗಿ ಜೋತುಬೀಳುತ್ತದೆ.

ಅತ್ತೆ ಮಾತ್ರ ಮೊಣಕಾಲಿನ ಚೀಲದ ಮೇಲೆ ಬೇರೇನೂ ಒಪ್ಪಲಿಲ್ಲ. ಬೂದುಬಣ್ಣದ ಸ್ವೆಟರೊಂದನ್ನು ಸೊಸೆ ಹೆಣೆದುಕೊಟ್ಟರೆ, “ಮುದುಕಿಗೆ ತೋಳಿನ ಅಂಗಿ ಯಾಕೆ, ನೋಡಿದವರು ಏನಂದಾರು?” ಎಂದು ಗೂಟಕ್ಕೆ ನೇತುಹಾಕಿದರು. 1989ರ ಮಾಗಿಯಲ್ಲಿ ಅವರು ಹಾಸಿಗೆ ಹಿಡಿದರು. ಒಂದು ಬೆಳಗಿನ ಜಾವ ಸೊಸೆ ಕಂಬಳಿ ಸರಿಪಡಿಸಲು ಹೋದಾಗ ಒಳಗೆ ಬೂದು ಸ್ವೆಟರ್ ಇತ್ತು. ಗುಂಡಿ ಒಂದು ಮನೆ ತಪ್ಪಿ ಹಾಕಿದ್ದರು. ಅತ್ತೆ ಕಣ್ಣು ಬಿಡದೆ, “ಕಂಬಳಿ ಒಂದೇ ಸಾಲದು ಕಣಮ್ಮ” ಎಂದರು. ಸೊಸೆ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿದಳು.

ಆ ಮೇಲೆ ಕಾಲ ಬೇಗಬೇಗ ಓಡಿತು. ತೊಂಬತ್ತರ ದಶಕದಲ್ಲಿ ಸಿದ್ಧ ಉಡುಪು ಹಳ್ಳಿಯ ಸಂತೆಗೂ ಬಂತು. ಚಳಿಗಾಲದಲ್ಲಿ ಟಿಬೆಟ್ಟಿನವರು ಲೂಧಿಯಾನದ ಸ್ವೆಟರುಗಳನ್ನು ತಂದು ಪೇಟೆಗಳ ರಸ್ತೆಬದಿಯಲ್ಲಿ ರಾಶಿ ಹಾಕಿದರು. ಉಲನ್ನಿಗೆ ಕೊಡುವ ದುಡ್ಡಿಗೆ ಸ್ವೆಟರೇ ಬರುವಾಗ ನಲವತ್ತು ಸಾವಿರ ಕುಣಿಕೆ ಎಣಿಸುವವರು ಯಾರು? ಕಲಿಯಲು ಬರುತ್ತಿದ್ದ ಹುಡುಗಿಯರು ಮದುವೆಯಾಗಿ ಹೋದರು. ಗುಣಿಮಗ್ಗಗಳು ಒಂದೊಂದಾಗಿ ನಿಂತವು. ಕುರಿಯ ಉಣ್ಣೆಗೆ ಕತ್ತರಿಸಿದ ಕೂಲಿ ಹುಟ್ಟುವುದೂ ಕಷ್ಟವಾಯಿತು. ನೂಲುವ ಅಜ್ಜಿಯೂ ಮೇಷ್ಟರ ಹೆಂಡತಿಯೂ ಕೈಯಲ್ಲಿ ಹಿಡಿದ ಉಣ್ಣೆ ಬೇರೆಬೇರೆ. ಕೈ ಖಾಲಿಯಾದದ್ದು ಒಂದೇ ಕಾಲಕ್ಕೆ.

ಮೇಷ್ಟರು ಈಗಿಲ್ಲ. ಅಂದಿನ ಸೊಸೆ ಈಗ ಎಪ್ಪತ್ತು ದಾಟಿದ ಅಜ್ಜಿ. ಬೆಂಗಳೂರಿನಲ್ಲಿರುವ ಮಗಳ ಮಗಳು ಕಳೆದ ಸಂಕ್ರಾಂತಿಗೆ ದುರ್ಗಕ್ಕೆ ಬಂದವಳು ಹೆಣಿಗೆ ಕಲಿಸು ಎಂದು ಹಟ ಹಿಡಿದಳು. ಕಡ್ಡಿ ಹುಡುಕಲು ಟ್ರಂಕು ತೆಗೆದಾಗ ತಳದಲ್ಲಿದ್ದ ಪಂಚೆಯ ಗಂಟು ಅವಳ ಕೈಗೆ ಸಿಕ್ಕಿತು. ಬಿಚ್ಚಿದರೆ ಪುಡಿಪುಡಿಯಾದ ಬೇವಿನ ಸೊಪ್ಪು, ಅದರ ನಡುವೆ ಹಳದಿ ಸ್ವೆಟರ್. ಐವತ್ತು ವರ್ಷ ಕಳೆದರೂ ಒಂದು ಎಳೆ ಕೂಡ ನುಸಿ ತಿಂದಿರಲಿಲ್ಲ. ಅಜ್ಜಿ ಪ್ರತಿ ವರ್ಷ ಸೊಪ್ಪು ಬದಲಿಸುತ್ತಿದ್ದರೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಆ ಮನೆಯಲ್ಲಿ ಹೆಣೆದ ಎಲ್ಲ ಸ್ವೆಟರುಗಳೂ ಬಿಚ್ಚಿ ಇನ್ನೊಂದಾಗಿದ್ದವು. ಬಿಚ್ಚದೆ ಉಳಿದದ್ದು ಇದೊಂದೇ.

“ಎಷ್ಟು ಪುಟ್ಟದು ಅಜ್ಜಿ! ಇದು ಅಮ್ಮಂದಾ, ಮಾಮಂದಾ?” ಎಂದು ಹುಡುಗಿ ಕೇಳಿದಳು.

ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ ಎರಡು ಎಂದೇ ಹೇಳುತ್ತ ಬಂದಿದ್ದ ಅಜ್ಜಿ ಒಂದು ಗಳಿಗೆ ಸುಮ್ಮನಿದ್ದರು.

“ಅವರಿಬ್ಬರದೂ ಅಲ್ಲ ಕಣೇ. ದೊಡ್ಡವನದು,” ಎಂದರು.

ಹುಡುಗಿಗೆ ಏನು ತಿಳಿಯಿತೋ, ಮತ್ತೆ ಕೇಳಲಿಲ್ಲ. ಹಿತ್ತಲಿಗೆ ಹೋಗಿ ಅಜ್ಜಿ ಹೇಳಿದಂತೆ ಒಂದು ಹಿಡಿ ಬೇವಿನ ಸೊಪ್ಪು ಕಿತ್ತು ತಂದಳು. ಗಂಟು ಮತ್ತೆ ಟ್ರಂಕಿನ ತಳ ಸೇರಿತು. ಆಮೇಲೆ ಇಬ್ಬರೂ ಜಗಲಿಯ ಬಿಸಿಲಿನಲ್ಲಿ ಕೂತು, ಒಂಬತ್ತನೇ ನಂಬರಿನ ಕಡ್ಡಿಯ ಮೇಲೆ ಇಪ್ಪತ್ತು ಕುಣಿಕೆ ಹಾಕಿ ಮಫ್ಲರ್ ಶುರುಮಾಡಿದರು. ಮಫ್ಲರಿನಲ್ಲಿ ತಪ್ಪಲು ದಾರಿಯೇ ಇಲ್ಲ ಎಂದು ಅಜ್ಜಿ ಧೈರ್ಯ ಹೇಳಿದರು. ನಾಲ್ಕು ಸಾಲಾಗುವಷ್ಟರಲ್ಲಿ ಇಪ್ಪತ್ತು ಇಪ್ಪತ್ತೆರಡಾಗಿತ್ತು.